ಉತ್ತರಕ್ಕೆ ಇಪ್ಪತ್ತೆರಡು ಸೆಕೆಂಡು

೧೯೩೪ನೆಯ ಇಸವಿ ಜುಲೈ ೯, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಮಳವಳ್ಳಿ ಆಸ್ಪತ್ರೆಯ ಮುಂದೆ ಒಂದು ಕಮಾನುಗಾಡಿ ಬಂದು ನಿಂತಿತು. ಮೊದಲು ಮಿಡಲ್ ಸ್ಕೂಲಿನ ಮೇಷ್ಟರು ಇಳಿದರು, ಆಮೇಲೆ ಅವರ ತಾಯಿ. ಇಬ್ಬರೂ ಸೇರಿ ಮೇಷ್ಟರ ಹೆಂಡತಿಯನ್ನು ರಟ್ಟೆ ಹಿಡಿದು ಇಳಿಸಿದರು. ಅವರ ಮನೆ ಇದ್ದದ್ದು ಆಸ್ಪತ್ರೆಯಿಂದ ಎರಡು ಬೀದಿಯಾಚೆ. ಅಷ್ಟು ದೂರಕ್ಕೂ ಗಾಡಿ ಬೇಕಾಗಿತ್ತು. ಆಕೆಯ ವಯಸ್ಸು ಮೂವತ್ತಾರು. ಬಿಸಿಲಿದ್ದರೂ ರಗ್ಗು ಹೊದ್ದಿದ್ದರು.

ನಾನು ಆಗ ಅಲ್ಲಿ ಕಾಂಪೌಂಡರನಾಗಿದ್ದೆ. ನನಗೆ ಇಪ್ಪತ್ತಮೂರು. ಬಂದವರ ನಾಡಿ, ಜ್ವರ, ಕೊಟ್ಟ ಔಷಧಿ ಎಲ್ಲವನ್ನೂ ಆಸ್ಪತ್ರೆಯ ಪುಸ್ತಕದಲ್ಲಿ ಬರೆದ ಮೇಲೆ ನನ್ನ ಸ್ವಂತ ದಿನಚರಿಯಲ್ಲೂ ಬರೆಯುವುದು ನನ್ನ ಅಭ್ಯಾಸ. ಆದ್ದರಿಂದ ಮೇಷ್ಟರ ಹೆಂಡತಿಯ ವಿಷಯ ನನಗೆ ಹೊಸದಾಗಿರಲಿಲ್ಲ. ಮಾರ್ಚಿಯಿಂದ ಆಕೆಗೆ ಮುಖ, ಕಾಲು ಊದಿಕೊಂಡಿದ್ದವು. ಮೂತ್ರಪಿಂಡದ ಬಾವು ಎಂದು ಹಿಂದಿನ ಡಾಕ್ಟರು ಉಪ್ಪಿಲ್ಲದ ಪಥ್ಯ ಹೇಳಿದ್ದರು. ಆಕೆಗೆ ಸೀಸೆ ತುಂಬಿಸಿ ಕೊಡುತ್ತಿದ್ದವನು ನಾನೇ. ಆ ಡಾಕ್ಟರಿಗೆ ವರ್ಗವಾಗಿ ಹೊಸಬರು ಬಂದು ಅಂದಿಗೆ ಆರು ದಿನವಾಗಿತ್ತು.

ಮೇಷ್ಟರು ಕುರ್ಚಿಯಲ್ಲಿ ಕೂರಲಿಲ್ಲ. "ಡಾಕ್ಟರೇ, ನಾವು ಔಷಧಿಗೆ ಬಂದವರಲ್ಲ. ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಸೇರಿಸೋದಕ್ಕೆ ಒಂದು ಸರ್ಟಿಫಿಕೇಟು ಬೇಕು" ಎಂದರು. ಹೇಳುವಾಗ ಅವರು ಹೆಂಡತಿಯ ಕಡೆ ನೋಡಲಿಲ್ಲ.

ಮೇಷ್ಟರ ತಾಯಿ, ಆ ಅಜ್ಜಿ, ಸೆರಗಿನಿಂದ ಮೂಗು ಒರೆಸಿಕೊಂಡರು. "ಹಾಲು ಉಕ್ಕಿ ಒಲೆ ಆರಿಹೋದ್ರೂ ನೋಡ್ತಾ ನಿಂತಿರ್ತಾಳೆ ಸ್ವಾಮಿ. ಹೋದ ವಾರ ಚಿಕ್ಕ ಮಗು ಬಾವಿಕಟ್ಟೆ ಹತ್ತಿತ್ತು. ಇವಳು ಎದುರಿಗೇ ಕೂತಿದಾಳೆ, ಎದ್ದೇಳ್ಬೇಡ್ವೇ? ಕೂಗಲೂ ಇಲ್ಲ. ಪಕ್ಕದ ಮನೆಯವಳು ಓಡಿಬಂದು ಎತ್ಕೊಂಡ್ಲು. ನಾನು ಎಷ್ಟು ದಿನ ಅಂತ ಕಾಯ್ಲಿ?"

ನಾನು ಮೇಷ್ಟರ ಹೆಂಡತಿಯ ನಾಡಿ ಹಿಡಿದಿದ್ದೆ. ಗಡಿಯಾರ ಇನ್ನೊಂದು ಕೈಯಲ್ಲಿತ್ತು. ನಿಮಿಷಕ್ಕೆ ಐವತ್ತೆರಡು, ಎಪ್ಪತ್ತರ ಆಸುಪಾಸು ಇರಬೇಕಾದದ್ದು. ಡಾಕ್ಟರು ಕೇಳಿದರು: "ನಿಮ್ಮ ಹೆಸರೇನಮ್ಮ?"

ಉತ್ತರ ಬರಲಿಲ್ಲ. ಆಕೆಗೆ ಕಿವಿ ಕೇಳಲಿಲ್ಲವೇನೋ ಎಂದುಕೊಂಡೆ. ಅಜ್ಜಿ ಬಾಯಿ ಹಾಕಲು ಹೋದಾಗ ಡಾಕ್ಟರು ಕೈಯೆತ್ತಿ ತಡೆದರು. ಸೆಕೆಂಡಿನ ಮುಳ್ಳು ನನ್ನ ಕಣ್ಣೆದುರಿಗೇ ಓಡುತ್ತಿತ್ತು. ಇಪ್ಪತ್ತೆರಡು ಸೆಕೆಂಡಾದ ಮೇಲೆ ಆಕೆ ತನ್ನ ಹೆಸರು ಹೇಳಿದರು. ದನಿ ದಪ್ಪಗೆ, ಕೊಡದೊಳಗಿಂದ ಬಂದಂತಿತ್ತು. ಹೆಸರು ಮಾತ್ರ ಸರಿಯಾಗಿಯೇ ಇತ್ತು.

ಡಾಕ್ಟರ ಮುಖದ ಮೇಲೆ ಆಗ ಬಂದ ಕಳೆಯನ್ನು ನಾನು ಅದಕ್ಕೆ ಮುಂಚೆ ಯಾವ ಡಾಕ್ಟರ ಮುಖದಲ್ಲೂ ಕಂಡಿರಲಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿ ಎತ್ತಿದಾಗ ಜನ ಮುಂದಕ್ಕೆ ಬಾಗುವಂತೆ ಅವರು ಮುಂದಕ್ಕೆ ಬಾಗಿದರು. ಮೊಳಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ನೀರು ತುಂಬಿದ ಊತವಾದರೆ ಗುಳಿ ಬೀಳಬೇಕು, ಬೀಳಲಿಲ್ಲ. ಹುಬ್ಬಿನ ಹೊರತುದಿಯ ಕೂದಲು ಉದುರಿದ್ದನ್ನು ತೋರಿಸಿದರು. ಆಕೆಯನ್ನು ಕುರ್ಚಿಯ ಮೇಲೆ ಮೊಳಕಾಲೂರಿಸಿ ಹಿಮ್ಮಡಿಯ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಥಟ್ಟನೆ ಎಗರಿತು, ಆದರೆ ತುಕ್ಕು ಹಿಡಿದ ಕೀಲಿನ ಬಾಗಿಲಿನಂತೆ ಬಹಳ ನಿಧಾನವಾಗಿ ಹಿಂದಕ್ಕೆ ಬಂತು. ಕೊನೆಗೆ ಕಿವಿಯ ಮುಂದೆ ಕೆನ್ನೆಗೆ ಬೆರಳಿನಿಂದ ತಟ್ಟಿ ನೋಡಿದರು. ಅದೇಕೆಂದು ತಿಳಿಯದೆ "ಕೆನ್ನೆಗೆ ತಟ್ಟಿದರು, ಏನೂ ಆಗಲಿಲ್ಲ" ಎಂದು ಬರೆದುಕೊಂಡೆ.

"ಕಾಂಪೌಂಡರೇ, ಇವರ ಮೂತ್ರ ಕಾಯಿಸಿ ನೋಡಿದ್ದೀರಾ?"

"ಏಳು ಸಲ ಸಾರ್. ಮೂತ್ರಪಿಂಡ ಕೆಟ್ಟಿದ್ದರೆ ಬಿಳಿ ಗಸಿ ಕಟ್ಟಬೇಕು. ಏಳು ಸಲವೂ ತಿಳಿಯಾಗಿಯೇ ಇತ್ತು. ತಾರೀಖು ಬರೆದಿಟ್ಟಿದ್ದೇನೆ."

"ಏಳು ಸಲ ಇಲ್ಲ ಅಂತ ಬಂದ ಮೇಲೆ ಏನು ಮಾಡಿದಿರಿ?"

"ಉಪ್ಪಿಲ್ಲದ ಪಥ್ಯ ಮುಂದುವರಿಸಿದೆವು."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೇಷ್ಟರಿಗೂ ಅಜ್ಜಿಗೂ ಅವರು ತಿಳಿಸಿ ಹೇಳಿದ್ದು ಹೀಗೆ. ಗಂಟಲಮಣಿಯ ಕೆಳಗೆ ಶ್ವಾಸನಾಳವನ್ನು ಅಪ್ಪಿಕೊಂಡು ಥೈರಾಯ್ಡ್ ಎಂಬ ಒಂದು ಗ್ರಂಥಿ ಇದೆ. ಅದು ಒಂದು ರಸವನ್ನು ರಕ್ತಕ್ಕೆ ಬಿಡುತ್ತದೆ. "ದೇಹದ ಒಲೆಗೆ ಅದು ಊದುಗೊಳವೆ ಇದ್ದ ಹಾಗೆ. ಹೆಚ್ಚಾಗಿ ಊದಿದರೆ ಮನುಷ್ಯ ಬೆವರಿ, ನಡುಗಿ, ಎದೆ ಹೊಡಕೊಂಡು ಸಣ್ಣಗಾಗ್ತಾನೆ. ಇವರಲ್ಲಿ ಊದೋದೇ ನಿಂತಿದೆ. ಅದಕ್ಕೇ ಚಳಿ, ಊತ, ಮಂಪರು. ಕೆಂಡ ಆರಿಲ್ಲ ಅಜ್ಜಿ, ಬೂದಿ ಮುಚ್ಚಿದೆ. ಇದು ಹುಚ್ಚಲ್ಲ."

ಮೇಷ್ಟರು ಜೇಬಿನಿಂದ ಒಂದು ಕಾಗದ ತೆಗೆದರು. ಬೆಂಗಳೂರಿನಲ್ಲಿ ಆಗಸ್ಟ್ ೨೦ರವರೆಗೆ ಮಾತ್ರ ಜಾಗ ಇಡುವುದಾಗಿ ಬಂದಿದ್ದ ಪತ್ರ ಅದು. ಡಾಕ್ಟರು ಓದಿ ಹಿಂದಕ್ಕೆ ಕೊಟ್ಟರು. "ಆರು ವಾರ ನನಗೆ ಬಿಡಿ. ಇಪ್ಪತ್ತನೇ ತಾರೀಖು ಬೆಳಿಗ್ಗೆ ಗಾಡಿ ಕಟ್ಟಿಸಿಕೊಂಡೇ ಬನ್ನಿ. ಬದಲಾವಣೆ ಇಲ್ಲದಿದ್ದರೆ ಸಹಿ ಹಾಕ್ತೀನಿ. ಇಲ್ಲಿಂದಲೇ ಬಸ್ಸಲ್ಲಿ ಮದ್ದೂರಿಗೆ ಹೋಗಿ ರೈಲು ಹತ್ತಿ." ಉಪ್ಪು ಹಾಕಬಹುದು ಎಂದೂ ಅಜ್ಜಿಗೆ ಹೇಳಿ ಕಳಿಸಿದರು.

ರೋಗ ಗೊತ್ತಾಯಿತು. ಔಷಧಿ ಇರಲಿಲ್ಲ. ಒಣಗಿಸಿದ ಥೈರಾಯ್ಡಿನ ಮಾತ್ರೆ ಸೀಮೆಯಿಂದ ಹಡಗಿನಲ್ಲಿ ಬರಬೇಕು. ಜುಲೈ ೧೦ರಂದು ಬೆಂಗಳೂರಿಗೂ ಮೈಸೂರಿಗೂ ಬರೆದೆವು. ೧೪ನೆಯ ತಾರೀಖು ಶನಿವಾರ ನಾನೇ ಬಸ್ಸಿನಲ್ಲಿ ಮಂಡ್ಯಕ್ಕೆ ಹೋದೆ. ಸಕ್ಕರೆ ಕಾರ್ಖಾನೆ ಬಂದು ಊರು ಬೆಳೆಯುತ್ತಿದೆ, ಅಲ್ಲಿ ಏನಾದರೂ ಸಿಕ್ಕೀತೆಂಬ ಆಸೆ. ಎರಡು ಔಷಧಿ ಅಂಗಡಿ ವಿಚಾರಿಸಿದೆ. ಎರಡನೆಯ ಅಂಗಡಿಯವರು ನಕ್ಕರು: "ಕ್ವಿನೈನ್ ಕೇಳಿ, ಗಾಡಿ ತುಂಬಿಸಿ ಕೊಡ್ತೀನಿ. ನಾಲೆ ಬಂದು ಮಲೇರಿಯಾ ಹಬ್ಬಿದ ಮೇಲೆ ಈ ಊರಲ್ಲಿ ನಡೆಯೋದು ಅದೊಂದೇ." ೧೬ರಂದು ಬೆಂಗಳೂರು, ಮೈಸೂರು ಎರಡೂ ಕಡೆಯ ಉತ್ತರ ಬಂತು. ದಾಸ್ತಾನಿಲ್ಲ, ಅಕ್ಟೋಬರಿಗೆ ಮುಂಚೆ ನಿರೀಕ್ಷಿಸಬೇಡಿ.

೧೭ರ ಮಂಗಳವಾರ ಸಂಜೆ ಡಾಕ್ಟರು ತಮ್ಮ ಕಾಲೇಜು ದಿನಗಳ ಪುಸ್ತಕ ತೆರೆದು ನನಗೆ ಒಂದು ಪುಟ ತೋರಿಸಿದರು. ಈ ಮಾತ್ರೆ ಬರುವುದಕ್ಕೆ ಮುಂಚೆ, ಸುಮಾರು ನಲವತ್ತು ವರ್ಷದ ಹಿಂದೆ, ಕುರಿಯ ಥೈರಾಯ್ಡನ್ನೇ ಕಟುಕರಿಂದ ತಂದು ಕೊಡುತ್ತಿದ್ದರು. ಕುರಿಯ ಗ್ರಂಥಿ ಮನುಷ್ಯನಲ್ಲಿ ಕೆಲಸ ಮಾಡುತ್ತದೆ! ಆ ಸಾಲನ್ನು ನಾನು ಮೂರು ಸಲ ಓದಿದೆ. ನಾನು ಹುಟ್ಟಿದಾಗಿನಿಂದ ಮಾಂಸದ ಅಂಗಡಿಯ ಮುಂದೆ ಉಸಿರು ಹಿಡಿದು ದಾಟಿದವನು. ಮೇಷ್ಟರದ್ದೂ ಮಡಿಯ ಮನೆ.

"ಏನೆಂದು ಹೇಳದೆ ಪುಡಿ ಕೊಟ್ಟುಬಿಡೋಣವೇ ಸಾರ್?" ಎಂದೆ.

"ಇಲ್ಲ. ಹೇಳಬೇಕು. ಗಂಡನಿಗಲ್ಲ, ಆಕೆಗೆ."

ಆ ಸಂಜೆಯೇ ಹೋದೆವು. ಕುರಿ ಎಂಬ ಮಾತು ಕೇಳಿದ್ದೇ ಅಜ್ಜಿ ಎದ್ದು ನಿಂತರು. "ನಮ್ಮ ಮನೇಲಿ? ಡಾಕ್ಟರೇ, ಈ ಮಾತು ಹೊಸಲಿನ ಆಚೆ ನಿಂತು ಆಡಬೇಕಾಗಿತ್ತು." ಮೇಷ್ಟರು ತಲೆ ತಗ್ಗಿಸಿದರು. ಡಾಕ್ಟರು ಅವರಿಬ್ಬರಿಗೂ ಉತ್ತರ ಕೊಡದೆ ಆಕೆಯ ಮುಂದೆ ಚಾಪೆಯ ಮೇಲೆ ಕೂತು ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿ, "ತಗೋತೀರಾ ಅಮ್ಮ?" ಎಂದು ಕೇಳಿದರು. ಕಾಯುತ್ತ ಕೂತೆವು. ಹತ್ತೊಂಬತ್ತು ಸೆಕೆಂಡು.

"ಮಗು ಬಾವಿ ಹತ್ತಿತ್ತು" ಎಂದರು ಆಕೆ. "ನಂಗೆ ಕಾಣ್ತಿತ್ತು. ಏಳ್ಬೇಕು ಅಂತ ಗೊತ್ತಿತ್ತು. ಏಳೋದು ಬರ್ಲಿಲ್ಲ. ಕೊಡಿ."

ಅಜ್ಜಿ ಒಳಗೆ ಹೋಗಿಬಿಟ್ಟರು. ಆದರೆ ನಾವು ಹೊರಡುವಾಗ ಜಗಲಿಯ ಮೂಲೆಯಲ್ಲಿ ಒಂದು ಹೊಸ ಮಣ್ಣಿನ ಕುಡಿಕೆ ಇಟ್ಟಿತ್ತು. "ಅದು ಇದರಲ್ಲೇ ಇರ್ಲಿ. ಒಳಗೆ ಬರೋದು ಬೇಡ" ಎಂದು ಕತ್ತಲೆಯಿಂದ ಅಜ್ಜಿಯ ದನಿ ಬಂತು.

ಇನ್ನು ಮುಂದಿನದು ನನ್ನ ತಪ್ಪು. ಡಾಕ್ಟರು ಕಾಲರಾ ಚುಚ್ಚುಮದ್ದಿಗೆಂದು ೧೮ರಿಂದ ಮದ್ದೂರಿನ ಕಡೆ ಕ್ಯಾಂಪಿಗೆ ಹೋದರು. ಗ್ರಂಥಿ ತಂದು ಒಣಗಿಸುವ ಕೆಲಸ ನನ್ನ ಪಾಲಿಗೆ ಬಂತು. ೧೯ರ ಗುರುವಾರ ಬೆಳಿಗ್ಗೆ ಕೆರೆ ಏರಿಯ ಕೆಳಗಿದ್ದ ಕಸಾಯಿಖಾನೆಗೆ ಹೋದೆ. ಹೋದೆ ಎಂದರೆ ಗೇಟಿನವರೆಗೆ. ಒಳಗೆ ಕಾಲಿಡಲು ಮನಸ್ಸು ಬರಲಿಲ್ಲ. ಅಲ್ಲಿಯ ಯಜಮಾನರು ಬಿಳಿ ಗಡ್ಡದ ವಯಸ್ಸಾದ ಸಾಹೇಬರು. ಪುಸ್ತಕದಿಂದ ನಕಲು ಮಾಡಿದ್ದ ಮನುಷ್ಯನ ಗಂಟಲಿನ ಚಿತ್ರವನ್ನು ಗೇಟಿನ ಸಂದಿಯಲ್ಲಿ ಅವರಿಗೆ ಕೊಟ್ಟು, "ಗಂಟಲಮಣಿ ಹತ್ತಿರ, ಎರಡು ಪಕ್ಕ, ಗಂಟಿನ ಹಾಗಿರುತ್ತೆ" ಎಂದೆ.

"ಒಳಗೆ ಬನ್ನಿ ಸಾಮಿ, ತೋರಿಸಿ" ಎಂದರು.

"ಬೇಡ, ನೀವೇ ತೆಗೆದುಕೊಡಿ."

ಅವರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ ಒಳಗೆ ಹೋದರು. ಮುತ್ತುಗದ ಎಲೆಯಲ್ಲಿ ಕಟ್ಟಿದ ಪೊಟ್ಟಣ ಬಂತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಆಸ್ಪತ್ರೆಯ ಹಿಂದಿನ ಕೊಟ್ಟಿಗೆಯಲ್ಲಿ ಕೊಚ್ಚಿ, ಕುದಿಯುವ ನೀರಿನ ಪಾತ್ರೆಯ ಮೇಲೆ ತಟ್ಟೆಯಿಟ್ಟು ಒಣಗಿಸಿದೆ. ದಿನಚರಿಯಲ್ಲಿ ಬರೆದುಕೊಂಡೆ: "ಹನ್ನೆರಡು ತುಂಡು. ಬಣ್ಣ ನಸುಗೆಂಪು. ಕಾಳುಕಾಳಾಗಿದೆ." ಶನಿವಾರ ಡಾಕ್ಟರು ಹಿಂತಿರುಗುವ ಹೊತ್ತಿಗೆ ಪುಡಿ ಸೀಸೆಯಲ್ಲಿತ್ತು. ಅಂದೇ, ಜುಲೈ ೨೧ರಂದು, ಮೊದಲ ಪೊಟ್ಟಣ ಕೊಟ್ಟೆವು.

ದಿನಾ ಬೆಳಿಗ್ಗೆ ಆರೂವರೆಗೆ ಮೇಷ್ಟರ ಜಗಲಿಯಲ್ಲಿ ನಾಡಿ, ಕಂಕುಳ ಶಾಖ ನೋಡಿ ಬರೆದೆ. ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಹಿಡಿದ ಸೆಕೆಂಡನ್ನೂ ಬರೆದೆ. ಹೀಗೆ ಅಳೆಯಲು ಯಾರೂ ಹೇಳಿರಲಿಲ್ಲ. ಮೊದಲ ದಿನ ತಾನಾಗಿ ಬಂದ ಲೆಕ್ಕವಾದ್ದರಿಂದ ಬಿಡಲಾಗಲಿಲ್ಲ. ಹದಿನೈದು ದಿನ ನಾಡಿ ಐವತ್ತರಿಂದ ಐವತ್ತನಾಲ್ಕರೊಳಗೇ ಇತ್ತು. ಶಾಖ ತೊಂಬತ್ತಾರನ್ನು ಒಂದು ಸಲವೂ ಮುಟ್ಟಲಿಲ್ಲ. ಸೆಕೆಂಡುಗಳು ಇಪ್ಪತ್ತು, ಇಪ್ಪತ್ತಮೂರು, ಹದಿನೆಂಟು, ಇಪ್ಪತ್ತೆರಡು. ಒಂದು ದಿನ ಉತ್ತರವೇ ಬರಲಿಲ್ಲ. ಆಕೆ ಕೂತಲ್ಲೇ ನಿದ್ದೆ ಹೋಗಿದ್ದರು.

ಆಗಸ್ಟ್ ೪, ಶನಿವಾರ. ಇನ್ನು ಹದಿನಾರು ದಿನ ಉಳಿದಿತ್ತು. "ಪ್ರಮಾಣ ಸಾಲದು ಸಾರ್. ಎರಡರಷ್ಟು ಮಾಡೋಣ" ಎಂದೆ. ಡಾಕ್ಟರು ಒಪ್ಪಲಿಲ್ಲ. ತಾವು ರೋಗ ಗುರುತಿಸಿದ್ದೇ ತಪ್ಪಿರಬಹುದು ಎಂದರು. ಆ ದಿನ ಅವರು ಮೊದಲ ಸಲ ದಣಿದವರಂತೆ ಕಂಡರು. ನನ್ನ ದಿನಚರಿಯನ್ನು ಕೇಳಿ ಮನೆಗೆ ಒಯ್ದರು.

ಮರುದಿನ ಬೆಳಿಗ್ಗೆ ಹೇಳಿಕಳಿಸಿದರು. ಮೇಜಿನ ಮೇಲೆ ದಿನಚರಿ ಜುಲೈ ೧೯ರ ಪುಟಕ್ಕೆ ತೆರೆದಿತ್ತು.

"ಕಾಳುಕಾಳು ಅಂತ ಬರೆದಿದ್ದೀರಿ. ನಸುಗೆಂಪು ಅಂತ ಬರೆದಿದ್ದೀರಿ. ಥೈರಾಯ್ಡು ನುಣ್ಣಗೆ, ಕಪ್ಪುಗೆಂಪಾಗಿರಬೇಕು, ಬಾದಾಮಿ ಹಾಗೆ. ಕುರಿಯ ಮೈಯಲ್ಲಿ ಇದನ್ನು ಎಲ್ಲಿಂದ ತೆಗೆದರು? ನೋಡಿದಿರಾ?"

"ಇಲ್ಲ ಸಾರ್. ಗೇಟಿನ ಹೊರಗೆ ನಿಂತಿದ್ದೆ."

ಅವರು ದಿನಚರಿ ಮುಚ್ಚಿ ನನ್ನ ಕಡೆ ಸರಿಸಿದರು. ಆಮೇಲೆ, "ನಾಳೆ ನಾನು ಹೋಗ್ತೀನಿ" ಎಂದರು. ಏಳು ಸಲ ಮೂತ್ರ ಕಾಯಿಸಿ ಏಳು ಸಲವೂ ಬರೆದಿಟ್ಟು ಸುಮ್ಮನಾದವನು ನಾನೇ, ತಪ್ಪಾದ ಬಣ್ಣವನ್ನು ಬರೆದಿಟ್ಟು ಸುಮ್ಮನಾದವನೂ ನಾನೇ ಎಂಬುದು ಆಗ ನನಗೆ ಸ್ಪಷ್ಟವಾಯಿತು. "ಬೇಡ ಸಾರ್. ನಾನು ಹೋಗ್ತೀನಿ. ಒಳಗೆ ಹೋಗ್ತೀನಿ" ಎಂದೆ.

ಸೋಮವಾರ ಕುರಿ ಕಡಿಯುವುದಿಲ್ಲ. ೭ರ ಮಂಗಳವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಗೇಟು ದಾಟಿದೆ. ಸಾಹೇಬರು ನನ್ನ ಪಾದದಿಂದ ಮುಖದವರೆಗೂ ನೋಡಿದರು. "ಇವತ್ತು ಒಳಗೇ ಬಂದ್ಬಿಟ್ರಿ! ಆ ಕಂಬ ಹಿಡ್ಕೊಂಡು ನಿಂತ್ಕೊಳ್ಳಿ ಸಾಮಿ. ಬಿದ್ರೆ ನಮ್ಗೆ ಕೆಲಸ ಜಾಸ್ತಿ."

ಕಂಬ ಹಿಡಿದುಕೊಂಡೆ. ಮೊದಲ ಕುರಿಗೆ ಕಣ್ಣು ಮುಚ್ಚಿದೆ, ಎರಡನೆಯದಕ್ಕೆ ಮುಚ್ಚಲಿಲ್ಲ. ಅವರು ಕೊಯ್ದ ಜಾಗ ನೋಡಿ ಕೇಳಿದೆ: "ಯಾವಾಗಲೂ ಅಲ್ಲಿಯೇ ಕೊಯ್ಯೋದಾ?"

"ಮತ್ತೆ? ಗಂಟಲಮಣಿ ತಲೆ ಕಡೆಗೇ ಉಳೀಬೇಕು. ಅದರ ಕೆಳಗೇ ಚಾಕು. ನಮ್ದು ಕಾನೂನು ಅದು, ಅಪ್ಪ ತಾತನ ಕಾಲದಿಂದ. ನಿಮ್ಮ ಚಿತ್ರದಲ್ಲಿ ಮಣಿ ಇತ್ತು, ಮಣಿ ಪಕ್ಕ ಗಂಟು ಅಂದ್ರಿ. ಮಣಿ ತಲೆ ಜೊತೆ ಹೋಯ್ತು. ತಲೆಯಲ್ಲಿ ದವಡೆ ಕೆಳಗೆ ಗಂಟು ಇತ್ತು, ತೆಗೆದುಕೊಟ್ಟೆ."

ಹದಿನೈದು ದಿನ ನಾವು ಆ ತಾಯಿಗೆ ಕೊಟ್ಟದ್ದು ಕುರಿಯ ಜೊಲ್ಲಿನ ಗ್ರಂಥಿ.

ಹಾಗಾದರೆ ಥೈರಾಯ್ಡು ಎಲ್ಲಿ? ಮನುಷ್ಯನ ಚಿತ್ರ ಕುರಿಗೆ ಸಾಲದು. ಚಾಕುವಿನ ಕೆಳಗೆ ಉಳಿದ ಶ್ವಾಸನಾಳ ಶ್ವಾಸಕೋಶದ ಜೊತೆ ಹೊರಬರುತ್ತಿತ್ತು. ಅದನ್ನೂ ಕರುಳನ್ನೂ ಅಂಗಳದ ಕೊನೆಯಲ್ಲಿ ಒಬ್ಬ ಹೆಂಗಸು ತೊಳೆಯುತ್ತಿದ್ದಳು. ಪಕ್ಕದ ಹಳ್ಳಿಯವಳು, ಅದನ್ನು ಬುಟ್ಟಿಯಲ್ಲಿಟ್ಟು ಮಾರುವವಳು. ನಾನು ಅವಳ ಪಕ್ಕ ಕುಕ್ಕುರುಗಾಲಲ್ಲಿ ಕೂತು, "ಆ ಕೊಳವೆ ಸ್ವಲ್ಪ ತಿರುಗಿಸಮ್ಮ" ಎಂದೆ.

"ಯಾಕಪ್ಪ, ಆಸ್ಪತ್ರೇಲಿ ಸಾರಿಗೆ ಏನೂ ಇಲ್ವಾ?" ಎಂದು ನಕ್ಕಳು. ಆದರೂ ತಿರುಗಿಸಿದಳು. ಕೊಯ್ದ ತುದಿಯ ಹತ್ತಿರವೇ, ಎರಡು ಪಕ್ಕಕ್ಕೂ ಒಂದೊಂದು: ನುಣ್ಣಗೆ, ಕಪ್ಪುಗೆಂಪಾಗಿ, ಬಾದಾಮಿಯ ಆಕಾರ. ನಾನು ಬೆರಳು ತೋರಿಸಿದೆ.

"ಓ ಇದಾ? ಇದ್ನ ದಿನಾ ಕಿತ್ತು ಕಾಗೆಗ್ ಎಸೀತೀನಲ್ಲಪ್ಪೋ! ಬೇಕಾದ್ರೆ ತಕೊಂಡೋಗು, ಯಾರ್ ಬ್ಯಾಡ ಅಂದೋರು. ಏನ್ಕೆ ಇದು?"

"ಔಷಧಿಗೆ. ಒಬ್ಬ ತಾಯಿಗೆ ಬದುಕು ಬರುತ್ತೆ ಇದರಿಂದ."

ಅವಳು ಕೈಯಲ್ಲಿದ್ದದ್ದನ್ನು ನೋಡಿದಳು, ಏರಿಯ ಮೇಲೆ ಕೂತಿದ್ದ ಕಾಗೆಗಳನ್ನು ನೋಡಿದಳು. "ಅಂಗಾರೆ ಆ ಮುಂಡೇವು ಇಷ್ಟೊರ್ಸದಿಂದ ಔಸ್ದಿ ತಿಂತಾವೆ ಅನ್ನು!" ಎಂದಳು. ಸಾಹೇಬರು ಗಡ್ಡ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬೇಕಾದಷ್ಟು ಈಗಲೇ ತಗೊಳ್ಳಿ. ಶನಿವಾರದಿಂದ ಶ್ರಾವಣ. ಆಮೇಲೆ ದಿನಕ್ಕೆ ಒಂದು ಕುರಿ ಆದ್ರೆ ಹೆಚ್ಚು."

ಅಂದು ಏಳು ಕುರಿ. ಹದಿನಾಲ್ಕು ಗ್ರಂಥಿಗಳಲ್ಲಿ ಒಂದು ಚಾಕುವಿಗೆ ಸಿಕ್ಕಿ ಕೆಟ್ಟಿತ್ತು. ಹದಿಮೂರು ತಂದೆ. ಈ ಸಲ ಡಾಕ್ಟರು ಪಕ್ಕದಲ್ಲೇ ಕೂತರು. ಇಬ್ಬರೂ ಸೇರಿ ಕೊಬ್ಬನ್ನೂ ಪೊರೆಯನ್ನೂ ಬಿಡಿಸಿದೆವು. ಆಗ ಅವರು ಚಿಮಟದ ತುದಿಯಲ್ಲಿ ಒಂದು ಮಸುಕು ಕಾಳನ್ನು ಎತ್ತಿ ಭೂತಗನ್ನಡಿಯ ಕೆಳಗೆ ಹಿಡಿದರು. ಅದು ಕುಚ್ಚಲಕ್ಕಿಯ ಒಂದು ಅಗುಳಿನಷ್ಟಿತ್ತು.

"ಇದು ಪ್ಯಾರಾಥೈರಾಯ್ಡ್ ಇರಬೇಕು. ಮನುಷ್ಯನಲ್ಲಿ ಸಾಮಾನ್ಯವಾಗಿ ನಾಲ್ಕು ಇರುತ್ತವೆ, ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡು. ಪಕ್ಕದ ಮನೆಯಲ್ಲಿದ್ದರೂ ಇದರ ಕಸುಬೇ ಬೇರೆ. ರಕ್ತದಲ್ಲಿ ಸುಣ್ಣದ ಅಂಶ ಎಷ್ಟಿರಬೇಕು ಅಂತ ಕಾಯೋದು ಇದು." ತಾವು ಓದುವಾಗ ಕಂಡ ಒಬ್ಬ ರೋಗಿಯ ಕಥೆ ಹೇಳಿದರು. ಕೊರಳಿನ ಗಡ್ಡೆ ತೆಗೆದ ಮೂರನೆಯ ದಿನ ಆ ಮನುಷ್ಯನ ತುಟಿಯ ಸುತ್ತ ಜುಮುಗುಟ್ಟಿ, ಕೈಬೆರಳು ಐದೂ ಕೂಡಿ ಮೊಗ್ಗಿನ ಹಾಗೆ ಸೆಟೆದುಕೊಂಡವಂತೆ. ಕೆನ್ನೆಗೆ ತಟ್ಟಿದರೆ ತುಟಿ ಅದುರುತ್ತಿತ್ತಂತೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಗಡ್ಡೆಯ ಜೊತೆಗೆ ಹೋಗಿದ್ದವು. ಕ್ಯಾಲ್ಸಿಯಮ್ಮನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಿದ್ದಂತೆ ಬೆರಳುಗಳು ಒಂದೊಂದಾಗಿ ಅರಳಿದವು. "ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಸೂಜಿ ಇನ್ನೂ ಒಳಗಿತ್ತು."

ಜುಲೈ ೯ರಂದು ಕೆನ್ನೆಗೆ ತಟ್ಟಿದ್ದು ಏಕೆಂದು ಆಗ ತಿಳಿಯಿತು. ಆ ಅಗುಳನ್ನು ನಾನು ಬಹಳ ಹೊತ್ತು ನೋಡಿದೆ. ಮನುಷ್ಯ ಕೈ ಬಿಚ್ಚುವುದು ಇಂಥದ್ದೊಂದು ಕಾಳಿನಿಂದ, ಮಗು ಬಾವಿ ಹತ್ತಿದಾಗ ತಾಯಿ ಏಳುವುದು ಈ ಬಾದಾಮಿಯಿಂದ. ಎರಡೂ ನನ್ನ ಔಷಧಿ ಕಲಸುವ ತಟ್ಟೆಯಲ್ಲಿದ್ದವು.

ತೊಲಕ್ಕೆ ನೂರ ಎಂಬತ್ತು ಗ್ರೇನಿನ ಲೆಕ್ಕದಲ್ಲಿ ಹಸಿ ತೂಕ ನಾನೂರ ಎಂಬತ್ತು ಗ್ರೇನ್. ಕೊಚ್ಚಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಶಾಖ ನೂರನಲವತ್ತು ಡಿಗ್ರಿ ದಾಟದಂತೆ ಒಂಬತ್ತು ಗಂಟೆ ಒಣಗಿಸಿದೆವು. ಉಳಿದ ಕೊಬ್ಬು ಹೋಗಲೆಂದು, ಕಿಡಿ ತಗುಲಿದರೆ ಭುಗ್ಗೆನ್ನುವ ಈಥರಿನಲ್ಲಿ ತೊಳೆದೆವು. ಅದಕ್ಕೆ ಮುಂಚೆ ಒಲೆ ಆರಿಸಿ, ಬೂದಿಗೂ ನೀರು ಹಾಕಿ, ಪಾತ್ರೆಯನ್ನು ಬಯಲಿಗೆ ಒಯ್ದೆವು. ಕೊನೆಗೆ ಉಳಿದದ್ದು ನೂರ ಎಂಟು ಗ್ರೇನ್ ಕಂದುಪುಡಿ. ಹಾಲುಸಕ್ಕರೆ ಬೆರೆಸಿ ಅರ್ಧ ಗ್ರೇನಿನ ಪೊಟ್ಟಣ ಕಟ್ಟಿದೆ. "ಈಗ ಅರ್ಥವಾಯಿತಾ ನಾನು ಎರಡರಷ್ಟು ಬೇಡ ಅಂದದ್ದು? ತಿಂಗಳುಗಟ್ಟಲೆ ಮಂದವಾಗಿ ಹೊಡೆದ ಎದೆ ಅದು. ಒಮ್ಮೆಗೇ ಊದಿದರೆ ನಿಂತುಹೋಗಬಹುದು" ಎಂದರು ಡಾಕ್ಟರು.

ಮೇಷ್ಟರ ಮನೆಗೆ ಹೋಗಿ ನಡೆದ ತಪ್ಪನ್ನು ಹೇಳಿಕೊಂಡೆ. ಅಜ್ಜಿ ಕೇಳಿ, "ಅಂದ್ರೆ ಇಷ್ಟು ದಿನ ಜಾತಿ ಕೆಟ್ಟಿದ್ದೂ ದಂಡ ಆಯ್ತು ಅನ್ನಿ" ಎಂದರು.

ಆಗಸ್ಟ್ ೮ರಿಂದ ಅರ್ಧ ಗ್ರೇನ್. ೧೧ರ ಶನಿವಾರ, ಶ್ರಾವಣದ ಮೊದಲ ದಿನ, ಒಂದು ಗ್ರೇನ್. ಅಂದು ಅಜ್ಜಿಯ ಮಡಿ ಎರಡರಷ್ಟಾಗಿತ್ತು, ಕುಡಿಕೆ ಮಾತ್ರ ಜಗಲಿಯಲ್ಲೇ ಇತ್ತು. ನಾಡಿ ಐವತ್ತನಾಲ್ಕು. ೧೩ರಂದೂ ಐವತ್ತನಾಲ್ಕು. ೧೪ರಂದು ಪ್ರಮಾಣ ಒಂದೂವರೆ ಗ್ರೇನಿಗೇರಿತು. ಬೆಂಗಳೂರಿಗೆ ಒಯ್ಯಬೇಕಾದ ಟ್ರಂಕನ್ನು ಮೇಷ್ಟರು ಅಟ್ಟದಿಂದ ಇಳಿಸಿ ಜಗಲಿಯಲ್ಲಿ ಒರೆಸುತ್ತಿದ್ದರು. ನಾನು ನೋಡಿದಾಗ ಒರೆಸುವುದನ್ನು ನಿಲ್ಲಿಸಿದರು.

೧೫ರಂದು ಐವತ್ತೆಂಟು. ಶಾಖ ಮೊದಲ ಸಲ ತೊಂಬತ್ತಾರು ದಾಟಿತು. ಗಡಿಯಾರವನ್ನು ಕಿವಿಗೆ ಹಿಡಿದು, ಓಡುತ್ತಿದೆಯೇ ಎಂದು ನೋಡಿ ಮತ್ತೆ ಎಣಿಸಿದೆ. ಐವತ್ತೆಂಟೇ. ದಿನಕ್ಕೆ ಇಪ್ಪತ್ತು ಔನ್ಸಿದ್ದ ಮೂತ್ರ ೧೬ರಂದು ಐವತ್ತೆಂಟು ಔನ್ಸ್ ಆಯಿತು. ರಗ್ಗು ಮಂಚದ ಕೆಳಗೆ ಬಿದ್ದಿತ್ತು. ಸೆಕೆಂಡು ಹನ್ನೊಂದು.

೧೭ರ ಶುಕ್ರವಾರ ಹನ್ನೊಂದು ಗಂಟೆಗೆ ಅಜ್ಜಿ ಒಬ್ಬರೇ ಆಸ್ಪತ್ರೆಗೆ ಓಡಿಬಂದರು. ಶ್ರಾವಣ ಶುಕ್ರವಾರದ ಮಡಿಸೀರೆಯಲ್ಲಿ, ಅಷ್ಟು ಜನರ ನಡುವೆ, ಯಾರಿಗೆ ತಗುಲಿತೆಂಬ ಪರಿವೆಯೂ ಇರಲಿಲ್ಲ. ನಾನು ಕೈಯಲ್ಲಿದ್ದ ಸೀಸೆ ಕೆಳಗಿಟ್ಟು ಎದ್ದೆ.

"ಡಾಕ್ಟರೇ, ಬೈದ್ಲು! ನನ್ನ ಸೊಸೆ ನನ್ನ ಬೈದ್ಲು!"

"ಏನಂದರು?"

"ಸಾರಿಗೆ ಉಪ್ಪೇ ಹಾಕಿಲ್ವಲ್ಲ ಅತ್ತೆ, ಇದನ್ನ ಹೆಂಗೆ ತಿನ್ನೋದು ಅಂದ್ಲು." ಅವರು ಬೆಂಚಿನ ಮೇಲೆ ಕುಸಿದರು. "ಐದು ತಿಂಗಳಿಂದ ಉಪ್ಪಿಲ್ಲದ್ದೇ ಉಣ್ತಿದಾಳೆ. ಹಾಕಬಹುದು ಅಂತ ನೀವು ಹೇಳಿದ್ರಿ, ನಾನೇ ಹಾಕ್ಲಿಲ್ಲ. ಕೇಳೋರಿದ್ರೆ ತಾನೇ ಹಾಕೋದು?" ಆಮೇಲೆ ಅಳತೊಡಗಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಮರುದಿನ ನೋಡುವಾಗ ಜಗಲಿಯಲ್ಲಿ ಕುಡಿಕೆ ಇರಲಿಲ್ಲ. ಅದು ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಮರಿಗೆಯ ಪಕ್ಕದಲ್ಲಿತ್ತು.

ಆಗಸ್ಟ್ ೨೦, ಸೋಮವಾರ, ಆರು ಗಂಟೆ ಐವತ್ತು ನಿಮಿಷ. ಒಪ್ಪಂದದಂತೆ ಗಾಡಿ ಬಂತು. ಟ್ರಂಕು ಮಾತ್ರ ಗಾಡಿಯಲ್ಲಿತ್ತು. ಆಕೆ ಗಾಡಿಯ ಹಿಂದೆ ನಡೆದುಕೊಂಡು ಬಂದರು. ಸೊಂಟದಲ್ಲಿ ಮಗುವಿತ್ತು. ಸಂಪೂರ್ಣ ವಾಸಿಯಾಗಿತ್ತೆಂದು ನಾನು ಬರೆಯುವುದಿಲ್ಲ. ಮುಖದ ಊತ ಅರ್ಧ ಉಳಿದಿತ್ತು, ಹುಬ್ಬು ಬಂದಿರಲಿಲ್ಲ, ದನಿ ಇನ್ನೂ ದಪ್ಪಗಿತ್ತು. ನಾಡಿ ಅರವತ್ತಾರು.

ಡಾಕ್ಟರು ಮೇಜಿನ ಮೇಲೆ ಸರ್ಟಿಫಿಕೇಟಿನ ಕಾಗದವನ್ನೂ ಪೆನ್ನನ್ನೂ ಇಟ್ಟುಕೊಂಡಿದ್ದರು. ನಾನು ಗಡಿಯಾರ ಹಿಡಿದು ಮುಳ್ಳು ಹನ್ನೆರಡಕ್ಕೆ ಬರಲೆಂದು ಕಾಯುತ್ತಿದ್ದೆ. ಅವರು ಕೇಳಿದರು: "ಏನಮ್ಮ, ಎಲ್ಲಿಗೆ ಹೊರಟಿರಿ ಇವತ್ತು?"

"ನಾನೆಲ್ಲಿಗೆ ಹೊರಡ್ಲಿ? ಗಾಡಿ ಕಟ್ಟಿಸಿದೋರು ಅವರು, ಅವರನ್ನೇ ಕೇಳಿ" ಎಂದರು ಆಕೆ. ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕಪ್ಪ ದಿನಾ ಆ ಗಡಿಯಾರ ಹಿಡ್ಕೊಂಡು ನನ್ನ ಬಾಯಿ ನೋಡ್ತೀಯ?"

ಮುಳ್ಳು ಇನ್ನೂ ಹನ್ನೆರಡಕ್ಕೆ ಬಂದಿರಲಿಲ್ಲ. ಆ ದಿನದ ಸಾಲಿನಲ್ಲಿ ನಾಡಿ ಇದೆ, ಶಾಖ ಇದೆ. ಸೆಕೆಂಡಿನ ಮನೆ ಖಾಲಿ ಇದೆ. ಡಾಕ್ಟರು ಸರ್ಟಿಫಿಕೇಟಿನ ಕಾಗದವನ್ನು ಮಗುಚಿ, ಅದರ ಬೆನ್ನಿನ ಮೇಲೆ ಮುಂದಿನ ವಾರದ ಪೊಟ್ಟಣಗಳ ಲೆಕ್ಕ ಬರೆದು ಮೇಷ್ಟರ ಕೈಗೆ ಕೊಟ್ಟರು. ಮೇಷ್ಟರು ಅದನ್ನು ಓದಲಾಗದೆ ಕಿಟಕಿಯ ಹತ್ತಿರ ಹೋಗಿ ನಿಂತರು. ಗಾಡಿಯವನು ಮಾತ್ರ ಹೊರಗಿನಿಂದ ಕೂಗುತ್ತಿದ್ದ: "ಮೇಷ್ಟ್ರೇ, ಬಸ್ಸು ಒಂಟೋಯ್ತದೆ! ಬತ್ತೀರೋ ಇಲ್ವೋ?"

ಶ್ರಾವಣವನ್ನು ದಿನಕ್ಕೊಂದು ಕುರಿಯಲ್ಲಿ ಕಳೆದೆವು. ಕಾಗೆಗಳಿಗೆ ಆ ತಿಂಗಳು ಏನೂ ಸಿಗದಂತೆ ಆ ಹೆಂಗಸು ನೋಡಿಕೊಂಡಳು. ಅಕ್ಟೋಬರಿನಲ್ಲಿ ಮದ್ದೂರು ಸ್ಟೇಷನ್ನಿಗೆ ಮಾತ್ರೆಯ ಪಾರ್ಸೆಲು ಬಂತು, ಅಂದಿನಿಂದ ಮಾತ್ರೆಯೇ. ಡಿಸೆಂಬರಿನಲ್ಲಿ ಮಾತ್ರೆ ಮುಗಿದು ಮೂರು ವಾರ ತಪ್ಪಿದಾಗ ನಾಡಿ ಮತ್ತೆ ಐವತ್ತಾರಕ್ಕೆ ಇಳಿದು ರಗ್ಗು ಮೇಲೆ ಬಂತು. ಇದು ಬದುಕಿರುವವರೆಗೂ ಬೇಕಾದ ಔಷಧಿ ಎಂದು ಆಗ ಅರ್ಥವಾಯಿತು.

ಇದನ್ನು ೧೯೩೬ರಲ್ಲಿ ಈ ಪತ್ರಿಕೆಗೆಂದು ಬರೆಯುತ್ತಿದ್ದೇನೆ. ಡಾಕ್ಟರಿಗೆ ವರ್ಗವಾಗಿದೆ. ಓದುವವರು ಯಾರೂ ಇದನ್ನು ಮನೆಯಲ್ಲಿ ಮಾಡಲು ಹೋಗಬಾರದು. ನಮ್ಮ ಒಂದು ತಪ್ಪು ಹದಿನೈದು ದಿನ ತಿಂದಿತು, ಇನ್ನೊಂದು ತಪ್ಪಾಗಿದ್ದರೆ ಜೀವವೇ ಹೋಗುತ್ತಿತ್ತು. ಆದರೆ ನನ್ನ ದಿನಚರಿಯಲ್ಲಿ ಉತ್ತರವಿಲ್ಲದ ಕೆಲವು ಪ್ರಶ್ನೆಗಳು ಉಳಿದಿವೆ. ಮೇಕೆಯ ಗ್ರಂಥಿಗೂ ಕುರಿಯದಕ್ಕೂ ಶಕ್ತಿಯಲ್ಲಿ ಭೇದವಿದೆಯೇ? ಊದುವುದನ್ನು ನಿಲ್ಲಿಸಿದ ಗ್ರಂಥಿ ಎಂದಾದರೂ ತಾನಾಗಿ ಮತ್ತೆ ಊದಿದ್ದುಂಟೇ? ನಮ್ಮ ಹಳ್ಳಿಗಳಲ್ಲಿ ಮಂಕು, ಸೋಮಾರಿ, ಗಾಳಿ ಹಿಡಿದವಳು ಎನ್ನಿಸಿಕೊಂಡು ಮೂಲೆಯಲ್ಲಿ ರಗ್ಗು ಹೊದ್ದು ಕೂತಿರುವ ಹೆಂಗಸರಲ್ಲಿ ಎಷ್ಟು ಜನ ಹೀಗೆ ಬೂದಿ ಮುಚ್ಚಿದ ಕೆಂಡವಾಗಿದ್ದಾರೆ? ಯಾರಾದರೂ ಒಂದು ಪ್ರಶ್ನೆ ಕೇಳಿ ಉತ್ತರ ಬರುವವರೆಗೆ ಕಾದು ನೋಡಿದ್ದಾರೆಯೇ? ಹಾಗೆ ಕಾದವರು, ಎಣಿಸಿದವರು, ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಎಲ್ಲೇ ಇದ್ದರೂ ದಯವಿಟ್ಟು ತಾರೀಖಿನ ಸಮೇತ ಈ ಪತ್ರಿಕೆಯ ಮೂಲಕ ನನಗೆ ಬರೆಯಬೇಕು.